ಕ್ಯಾಸೆಟ್ ಇಲ್ಲದ ಟೇಪ್ ರೆಕಾರ್ಡರ್

ಅಣ್ಣೇರ್ ತಟ್ಟಿ ನೋಡದೆ ಯಾವುದನ್ನೂ ನಂಬುತ್ತಿರಲಿಲ್ಲ. ಬಲಗೈಯ ನಡುಬೆರಳನ್ನು ಮಡಚಿ, ಗೆಣ್ಣಿನಿಂದ ಟಕ್ ಟಕ್ ಎಂದು ಬಡಿದು, ತಲೆ ಸ್ವಲ್ಪ ಓರೆ ಮಾಡಿ ಶಬ್ದ ಕೇಳುವರು. ಟೈಲ್ಸ್ ಮಾರುವವರಿಗೆ ಇದು ಸಹಜವೇ. ಆದರೆ ಅವರು ಕಲ್ಲಂಗಡಿಯನ್ನೂ ತಟ್ಟುವರು, ಹೊಸ ಬಾಗಿಲನ್ನೂ ತಟ್ಟುವರು, ಕಂಪನಿಗೆ ಹೊಸ ಪಿಕಪ್ ಬಂದರೆ ಅದರ ಬಾನೆಟ್ಟನ್ನೂ ತಟ್ಟುವರು. ನಾನು ಮಸ್ಕತ್ತಿಗೆ ಬಂದಿಳಿದ ದಿನ, ವಾದಿ ಅದಾಯ್‌ನ ಶೋರೂಮಿನಲ್ಲಿ ನನ್ನ ಸರ್ಟಿಫಿಕೇಟುಗಳನ್ನು ತೆರೆದು ಕೂಡ ನೋಡದೆ ಪಕ್ಕಕ್ಕೆ ಸರಿಸಿದರು. ಮೇಜು ಬಳಸಿಕೊಂಡು ಬಂದು ನನ್ನ ನೆತ್ತಿಯ ಮೇಲೆ ಎರಡು ಸಲ ತಟ್ಟಿದರು.

“ಸ್ವಲ್ಪ ಹಸಿ ಉಂಟು ಮಾರಾಯ. ಅಡ್ಡಿಯಿಲ್ಲ, ಇಲ್ಲಿಯ ಸೆಕೆಗೆ ಬೇಯ್ತದೆ.”

ಬಿ.ಕಾಂ. ಪಾಸಾದ ಜಂಬದಲ್ಲಿದ್ದ ನನಗೆ ಮೈಯೆಲ್ಲ ಉರಿದುಹೋಯಿತು. ಒಂದು ವಾರ ಅವರ ಜೊತೆ ಮುಖ ಕೊಟ್ಟು ಮಾತಾಡಲಿಲ್ಲ. ಅವರಿಗೆ ಅದು ಗೊತ್ತೇ ಆಗಲಿಲ್ಲ, ಯಾಕೆಂದರೆ ಎದುರಿಗಿದ್ದವರ ಜೊತೆ ಅವರ ಮಾತು ಯಾವಾಗಲೂ ಎರಡು ವಾಕ್ಯಕ್ಕೆ ಮುಗಿಯುತ್ತಿತ್ತು.

ಅಣ್ಣೇರ್ ಎಂದರೆ ತುಳುವಿನಲ್ಲಿ ಅಣ್ಣನವರು ಎಂದಷ್ಟೇ. ಶೋರೂಮಿನಲ್ಲಿ ಅವರ ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ. ಮಲಯಾಳಿಗಳಿಗೂ ಪಾಕಿಸ್ತಾನದ ಡ್ರೈವರಿಗೂ ಅವರು ಅಣ್ಣೇರ್. ನಮ್ಮ ಅರ್ಬಾಬ್, ಅಂದರೆ ಕಂಪನಿಯ ಒಮಾನಿ ಯಜಮಾನರು, ಅದನ್ನೇ ಅವರ ಹೆಸರೆಂದು ತಿಳಿದು ಬಹಳ ಗೌರವದಿಂದ ‘ಮಿಸ್ಟರ್ ಅಣ್ಣೇರ್’ ಎನ್ನುತ್ತಿದ್ದರು. ಅಣ್ಣೇರ್ ತೀರಿಕೊಂಡ ಸುದ್ದಿ ಈ ವರ್ಷ ಬೇಸಿಗೆಯಲ್ಲಿ ನನಗೆ ಫೋನಿನಲ್ಲಿ ಬಂದಾಗ ನಾನು ಕುಳಿತಿದ್ದದ್ದು ಅದೇ ಶೋರೂಮಿನಲ್ಲಿ, ಅವರು ಕೂರುತ್ತಿದ್ದ ಅದೇ ಮೇಜಿನ ಹಿಂದೆ. ಅರ್ಬಾಬ್‌ಗೆ ಹೇಳಿದೆ. ಅವರು ಎದ್ದು ಗೋಡೆಗೆ ಒರಗಿಸಿಟ್ಟಿದ್ದ ಒಂದು ಟೈಲ್ಸನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಅಣ್ಣೇರ್ ಹಾಗೆಯೇ ತಲೆ ಓರೆ ಮಾಡಿ ಕೇಳಿದರು. ನನಗೆ ಅಳು ಬಂತು.

ಅಣ್ಣೇರ್ ಹುಡುಗನಾಗಿದ್ದಾಗ ಮಂಗಳೂರಿನ ಒಂದು ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರಂತೆ. ಒಲೆಯಿಂದ ತೆಗೆದ ಹಂಚನ್ನು ತಟ್ಟಿ, ಬೆಂದದ್ದನ್ನೂ ಬೇಯದ್ದನ್ನೂ ಬೇರೆ ಮಾಡುವ ಕೆಲಸ. ಆಮೇಲೆ ಮುಂಬಯಿ, ಅಲ್ಲಿಂದ ಮಸ್ಕತ್. ಬದುಕಿನ ಅಷ್ಟು ದೊಡ್ಡ ದಾರಿಯನ್ನು ಅವರು ಹೇಳಿ ಮುಗಿಸುತ್ತಿದ್ದದ್ದೇ ಹೀಗೆ: “ಮೊದಲು ಹಂಚು, ಈಗ ಟೈಲ್ಸ್. ಮೊದಲು ತಲೆ ಮೇಲೆ ಇತ್ತು, ಈಗ ಕಾಲಡಿಗೆ ಬಂತು.”

ಒಮ್ಮೆ ಸಹಮ್ ಎಂಬ ಊರಿನಿಂದ ಒಬ್ಬ ಒಮಾನಿ ಮುದುಕರು ಬಂದಿದ್ದರು. ನಿಂಬೆಯ ತೋಟ ಇದ್ದವರು, ಹೊಸ ಮನೆ ಕಟ್ಟಿಸುತ್ತಿದ್ದರು. ಅಂಗಳಕ್ಕೆ ಕನ್ನಡಿಯ ಹಾಗೆ ಹೊಳೆಯುವ ಟೈಲ್ಸೇ ಬೇಕೆಂದು ಹಟ. ನಾನು ಖುಷಿಯಿಂದ ಬಿಲ್ ಬರೆಯಲು ಕುಳಿತಿದ್ದೆ. ಅಣ್ಣೇರ್ ಒಂದು ಬಕೆಟ್ ನೀರು ತಂದು ನೆಲದ ಮೇಲೆ ಜೋಡಿಸಿಟ್ಟಿದ್ದ ಆ ಟೈಲ್ಸಿನ ಮೇಲೆ ಸುರಿದರು. “ಯಲ್ಲಾ, ನಡೆಯಿರಿ” ಎಂದರು. ಮುದುಕರು ಚಪ್ಪಲಿ ಬಿಟ್ಟು ಎರಡು ಹೆಜ್ಜೆ ಇಟ್ಟದ್ದೇ ಜಾರಿದರು. ಅಣ್ಣೇರ್ ಮೊದಲೇ ಕೈ ಚಾಚಿ ನಿಂತಿದ್ದರು, ಅವರನ್ನು ಹಿಡಿದುಕೊಂಡರು. ಇಬ್ಬರೂ ಒಬ್ಬರನ್ನೊಬ್ಬರು ತಬ್ಬಿಕೊಂಡೇ ನಗುತ್ತಿದ್ದರು. ಕೊನೆಗೆ ಮುದುಕರು ತೆಗೆದುಕೊಂಡದ್ದು ಅಗ್ಗದ, ಒರಟು ಟೈಲ್ಸು. ಅರ್ಬಾಬ್‌ಗೆ ನಷ್ಟ ಮಾಡಿದಿರಲ್ಲ ಎಂದು ನಾನು ಗೊಣಗಿದೆ. “ಆ ಅಂಗಳದಲ್ಲಿ ನಡೆಯುವುದು ನೀನಾ?” ಎಂದು ಕೇಳಿ ಅಣ್ಣೇರ್ ಚಾ ಕುಡಿಯಲು ಹೋದರು. ಅಲ್ಲಿಂದ ಮುಂದೆ ಪ್ರತಿವರ್ಷ ಸಹಮ್‌ನಿಂದ ನಮ್ಮ ಶೋರೂಮಿಗೆ ಒಂದು ಗೋಣಿ ನಿಂಬೆಹಣ್ಣು ಬರುತ್ತಿತ್ತು.

ನಾವು ಏಳೆಂಟು ಜನ ವಾದಿ ಕಬೀರಿನಲ್ಲಿ, ಗ್ಯಾರೇಜುಗಳ ಹಿಂದಿನ ಬೀದಿಯ ಒಂದು ಫ್ಲಾಟಿನಲ್ಲಿ ಒಟ್ಟಿಗಿದ್ದೆವು. ಎಲ್ಲರದ್ದೂ ಒಂದೇ ಕತೆ: ಹೆಂಡತಿ ಮಕ್ಕಳು ಊರಿನಲ್ಲಿ, ಎರಡು ವರ್ಷಕ್ಕೊಮ್ಮೆ ಎರಡು ತಿಂಗಳ ರಜೆ. ನಾನೊಬ್ಬ ಮದುವೆಯಾಗದವನು, ಹಾಗಾಗಿ ಸುಖಿ. ಊರಿಗೆ ಫೋನ್ ಮಾಡುವುದು ಆಗ ಸುಲಭವಿರಲಿಲ್ಲ. ಬೀದಿಗೊಂದು ಮನೆಯಲ್ಲಿ ಫೋನು. ಅಲ್ಲಿಗೆ ಹೆಂಡತಿಯನ್ನು ಕರೆಸಿ, ಆ ಮನೆಯವರೆಲ್ಲ ಕಿವಿ ನಿಮಿರಿಸಿ ನಿಂತಿರುವಾಗ ಏನೆಂದು ಮಾತಾಡುವುದು? ಆದ್ದರಿಂದ ನಮ್ಮವರು ಕ್ಯಾಸೆಟ್ ಕಳಿಸುತ್ತಿದ್ದರು. ಟೇಪ್ ರೆಕಾರ್ಡರಿನ ಎದುರು ಕುಳಿತು ಹೇಳಬೇಕಾದದ್ದನ್ನೆಲ್ಲ ಕ್ಯಾಸೆಟ್ಟಿಗೆ ತುಂಬಿ, ಊರಿಗೆ ಹೊರಟವರ ಕೈಯಲ್ಲಿ ಕೊಡುವುದು. ಕೆಳಗಿನ ಅಂಗಡಿಯ ಬ್ಯಾರಿ ಕಾಕ ಆಗಾಗ ಮಂಗಳೂರಿಗೆ ಹೋಗಿಬರುವವರು. ಅವರ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಇಂಥ ಕ್ಯಾಸೆಟ್ಟುಗಳೇ ಹೆಚ್ಚು ಇರುತ್ತಿದ್ದವು. “ಎಷ್ಟು ಗಂಡಂದಿರನ್ನು ಹೊತ್ತುಕೊಂಡು ಹೋಗುವುದು ನಾನು?” ಎಂದು ಅವರು ನಗುತ್ತಿದ್ದರು.

ಶುಕ್ರವಾರ, ಅಂದರೆ ಅಲ್ಲಿಯ ರಜೆಯ ದಿನ, ಊಟವಾದ ಮೇಲಿನ ಹೊತ್ತು ಅಣ್ಣೇರ್‌ಗೆ ಮೀಸಲು. ಕುಕ್ಕರ್ ಕೂಗಬಾರದು, ಯಾರೂ ಕೆಮ್ಮಬಾರದು. ಹಳೆಯ ಜಪಾನೀ ಟೇಪ್ ರೆಕಾರ್ಡರನ್ನು ಕಿಟಕಿಯ ಬಳಿ ಇಟ್ಟು, ಕೆಂಪು ಗುಂಡಿ ಒತ್ತಿದರೆಂದರೆ ಬೇರೆಯೇ ಮನುಷ್ಯ! ಎರಡು ವಾಕ್ಯದ ಅಣ್ಣೇರ್ ಎಲ್ಲಿ, ಈ ಅಣ್ಣೇರ್ ಎಲ್ಲಿ! ವಾರವಿಡೀ ನಡೆದದ್ದನ್ನು ನಗುತ್ತಾ, ನಕಲು ಮಾಡುತ್ತಾ ಹೇಳುವರು. ರೆಕಾರ್ಡರನ್ನು ಎತ್ತಿಕೊಂಡು ಅಡುಗೆಮನೆಗೆ ಹೋಗಿ, “ಇದು ನಾನು ಬಂಗುಡೆ ಕಾಯಿಸುವ ಶಬ್ದ, ಕೇಳು” ಎನ್ನುವರು. ಒಮ್ಮೆ ಶೋರೂಮಿನಿಂದ ಒಂದು ಟೈಲ್ಸನ್ನು ಚೀಲದಲ್ಲಿ ತಂದು, ರೆಕಾರ್ಡರಿನ ಪಕ್ಕದಲ್ಲಿಟ್ಟು ತಟ್ಟಿದರು. “ಇದು ಸ್ಪೇನಿನದ್ದು. ಗಂಟೆಯ ಹಾಗೆ ಕೇಳ್ತದಲ್ಲಾ?” ನಾವೆಲ್ಲ ಗೋಡೆಯಾಚೆ ಬಾಯಿಗೆ ದಿಂಬು ಒತ್ತಿಕೊಂಡು ನಗುತ್ತಿದ್ದೆವು. ಪ್ರತಿ ಕ್ಯಾಸೆಟ್ಟಿನ ಕೊನೆಗೆ ಒಂದೇ ಮಾತು: “ನೀನು ಇದ್ದಿದ್ರೆ ಚಂದ ಇತ್ತು.” ಅಲ್ಲಿಗೆ ಬಂದಾಗ ನಮ್ಮ ನಗು ನಿಲ್ಲುತ್ತಿತ್ತು.

ತೊಂಬತ್ತರ ದಶಕದ ಆರಂಭದಲ್ಲಿ ಸ್ಪೇನಿನ ಒಂದು ಟೈಲ್ಸ್ ಕಾರ್ಖಾನೆಯವರು ನಮ್ಮ ಶೋರೂಮಿನ ಇಬ್ಬರನ್ನು ವಲೆನ್ಸಿಯಾಕ್ಕೆ ಕರೆದರು. ಅಲ್ಲಿ ಟೈಲ್ಸಿನ ದೊಡ್ಡ ಪ್ರದರ್ಶನ ನಡೆಯುತ್ತದೆ, ಬಂದು ನೋಡಿ, ಪತ್ನಿಯರನ್ನೂ ಕರೆತನ್ನಿ ಎಂದಿದ್ದರು. ಅಣ್ಣೇರ್ ಮತ್ತು ಇಂಗ್ಲಿಷ್ ಪತ್ರ ಬರೆಯುವ ನಾನು ಹೋಗುವುದೆಂದಾಯಿತು. ಪತ್ನಿಯ ವಿಷಯ ಬಂದಾಗ ಅಣ್ಣೇರ್ “ಅವಳಿಗೆ ಅಷ್ಟು ದೂರ ಆಗ್ಲಿಕ್ಕಿಲ್ಲ” ಎಂದು ಜಾರಿಕೊಳ್ಳಲು ನೋಡಿದರು. ನಾವು ಬಿಡಲಿಲ್ಲ. ಬ್ಯಾರಿ ಕಾಕನೇ ಊರಿಗೆ ಹೋದಾಗ ಪಾಸ್‌ಪೋರ್ಟಿನ ಕೆಲಸಕ್ಕೆ ಓಡಾಡಿ, ಅತ್ತಿಗೆಯನ್ನು ಮುಂಬಯಿಯಲ್ಲಿ ವಿಮಾನ ಹತ್ತಿಸಿದರು.

ಅದೇ ಸಮಯಕ್ಕೆ ಅಣ್ಣೇರ್ ಇನ್ನೊಂದು ತೀರ್ಮಾನವನ್ನೂ ಮಾಡಬೇಕಿತ್ತು. ಅವರ ವೀಸಾ ಮುಗಿಯಲು ಬಂದಿತ್ತು. ಹೆಣ್ಣುಮಕ್ಕಳಿಬ್ಬರ ಮದುವೆಯಾಗಿತ್ತು, ಮನೆ ಕಟ್ಟಿ ಆಗಿತ್ತು, ಊರಿಗೆ ಹೋಗಿ ನೆಲೆಸುವ ವಯಸ್ಸು. ಆದರೆ ಅರ್ಬಾಬ್ “ಇನ್ನೆರಡು ವರ್ಷ ಇರುವುದಾದರೆ ಇರಿ” ಎಂದಿದ್ದರು. ಸ್ಪೇನಿನಿಂದ ಬಂದು ಹೇಳುತ್ತೇನೆ ಎಂದಿದ್ದರು ಅಣ್ಣೇರ್.

ಮಸ್ಕತ್ ವಿಮಾನನಿಲ್ದಾಣದಲ್ಲಿ ಅತ್ತಿಗೆಯನ್ನು ಮೊದಲ ಸಲ ಕಂಡೆ. ಎತ್ತರದ ಹೆಂಗಸು, ಗಟ್ಟಿ ದನಿ. ಮೇಸ್ತ್ರಿಗಳನ್ನು ಬೈದು ಮನೆ ಕಟ್ಟಿಸಿದವರು ಎಂದು ಕೇಳಿದ್ದೆ, ನೋಡಿದಾಗ ನಂಬಿಕೆ ಬಂತು. ನನ್ನನ್ನು ಕಂಡ ಕೂಡಲೇ “ನೀನು ಅಲ್ವಾ ತಮ್ಮ, ಗೋಡೆಯಾಚೆ ನಗುವವನು? ಕ್ಯಾಸೆಟ್ಟಿನಲ್ಲಿ ಕೇಳ್ತದೆ” ಎಂದರು. ನಾನು ನೆಲ ನೋಡಿದೆ. ಅತ್ತಿಗೆ ನನ್ನ ಜೊತೆ ಮಾತಾಡಿದರು, ಡ್ರೈವರನ ಜೊತೆ ಮಾತಾಡಿದರು. ಗಂಡ ಎದುರು ಬಂದಾಗ ಮಾತ್ರ ಸೆರಗು ಸರಿಮಾಡಿಕೊಂಡು “ಸೊರಗಿದ್ದೀರಿ” ಎಂದರು. ಅಣ್ಣೇರ್ “ಇಲ್ಲ” ಎಂದರು. ಅಲ್ಲಿಗೆ ಮುಗಿಯಿತು.

ವಲೆನ್ಸಿಯಾದಲ್ಲಿ ಚಳಿಗಾಲ ಮುಗಿಯುತ್ತಾ ಬಂದಿತ್ತು, ಆದರೂ ಎಂಥಾ ಬಿಸಿಲು! ನಮ್ಮ ಮಸ್ಕತ್ತಿನ ಸುಡುವ ಬಿಸಿಲಲ್ಲ, ಮೈಮೇಲೆ ಹೊದ್ದುಕೊಳ್ಳಬಹುದಾದ ಬಿಸಿಲು. ಬೀದಿಯ ಎರಡೂ ಬದಿಗೆ ಮರಗಳು, ಮರದ ತುಂಬ ಕಿತ್ತಳೆ. ಹಳೆಯ ಚರ್ಚುಗಳ ಗುಮ್ಮಟಕ್ಕೆ ನೀಲಿ ಹಂಚು. ಅಣ್ಣೇರ್ ಕತ್ತು ನೋಯುವಷ್ಟು ಮೇಲೆ ನೋಡಿಕೊಂಡೇ ನಡೆದರು. ತಟ್ಟಲು ಕೈಗೆ ಎಟುಕದ್ದೇ ಅವರಿಗೆ ಬೇಸರ. ಸಮುದ್ರದ ಬಳಿಯ ಹೋಟೆಲಿನಲ್ಲಿ ಅವರಿಗೊಂದು ಕೋಣೆ, ಪಕ್ಕದಲ್ಲಿ ನನಗೊಂದು. ಎರಡು ಕೋಣೆಗಳಿಗೂ ಒಂದೇ ಉದ್ದದ ಬಾಲ್ಕನಿ, ನಡುವೆ ಸೊಂಟದೆತ್ತರದ ಗೋಡೆ.

ಎರಡನೇ ದಿನಕ್ಕೆ ನನಗೆ ನನ್ನ ನಿಜವಾದ ಕೆಲಸ ಏನೆಂದು ಗೊತ್ತಾಯಿತು. ನಾನು ಅವರಿಬ್ಬರ ನಡುವಿನ ಅಂಚೆಯವನು.

“ತಮ್ಮ, ನಿನ್ನ ಅಣ್ಣೇರಿಗೆ ಹೇಳು, ಆ ತಣ್ಣಗಿನ ಮಾಂಸ ತಿಂದು ಹೊಟ್ಟೆ ಕೆಡಿಸ್ಕೊಳ್ಳುವುದು ಬೇಡ ಅಂತ.”

“ಮಾರಾಯ, ಅವಳತ್ರ ಕೇಳು, ಚಳಿ ಆಗ್ತದಾ ಅಂತ.”

ಇಬ್ಬರೂ ಒಂದೇ ಮೇಜಿನಲ್ಲಿ ಎದುರುಬದುರಾಗಿ ಕುಳಿತು ನನ್ನ ಮೂಲಕ ಹೀಗೆ ಮಾತಾಡುವುದು! ಜಗಳವೇನೂ ಇರಲಿಲ್ಲ. ಪ್ರೀತಿ ಇರಲಿಲ್ಲವೆಂದೂ ಅಲ್ಲ. ಅಣ್ಣೇರ್ ಮೀನಿನ ಮುಳ್ಳು ಬಿಡಿಸಿ ಹೆಂಡತಿಯ ತಟ್ಟೆಗೆ ಹಾಕುತ್ತಿದ್ದರು, ಅತ್ತಿಗೆ ಅವರ ಕೋಟಿನ ಗುಂಡಿ ಹಾಕುತ್ತಿದ್ದರು. ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ನನಗೆ ತಮಾಷೆಯೆನಿಸಿತು, ಆಮೇಲೆ ರೇಗಿತು, ಆಮೇಲೆ ಯಾಕೋ ಸಂಕಟವಾಯಿತು.

ಬೀದಿಯ ಕಿತ್ತಳೆಯನ್ನು ಯಾರೂ ಮುಟ್ಟದೆ ಬಿಟ್ಟಿರುವುದು ಅತ್ತಿಗೆಗೆ ಸಹಿಸಲಾಗಲಿಲ್ಲ. ಬಿದ್ದದ್ದೊಂದನ್ನು ಎತ್ತಿ ಬಿಡಿಸಿ ಬಾಯಿಗಿಟ್ಟವರು ಕಣ್ಣು ಮುಚ್ಚಿ ಮುಖ ಹಿಂಡಿದರು. ಕಹಿ, ಹುಳಿ. ಮರುಕ್ಷಣ ಅವರ ಮುಖ ಅರಳಿತು: “ಇದು ನಮ್ಮ ಕಂಚಿಕಾಯಿ!” ಆ ಸಂಜೆ ಹೋಟೆಲಿನವರ ಹಣ್ಣು ಕತ್ತರಿಸುವ ಚಾಕು ತರಿಸಿ, ಊರಿನಿಂದ ತಂದ ಮೆಣಸಿನ ಪುಡಿ, ಉಪ್ಪು ಹಾಕಿ, ಖಾಲಿ ಜ್ಯಾಮ್ ಬಾಟಲಿಗಳ ತುಂಬ ಉಪ್ಪಿನಕಾಯಿ ಮಾಡಿದರು. ಮರುದಿನ ಕೋಣೆ ಗುಡಿಸಲು ಬಂದವಳು ಬಾಗಿಲಲ್ಲೇ ಸೀನುತ್ತಾ ನಿಂತಳು. ಅತ್ತಿಗೆ ಅವಳಿಗೆ ತುಳುವಿನಲ್ಲೇ ಸಮಾಧಾನ ಹೇಳಿ ಒಂದು ಹೋಳು ತಿನ್ನಿಸಿದರು. ಅವಳು ನೀರು ಕುಡಿದು, ಕಣ್ಣೊರೆಸಿಕೊಂಡು, ಇನ್ನೊಂದು ಕೇಳಿದಳು.

ಕಾರ್ಖಾನೆಯ ರಫ್ತು ವಿಭಾಗ ನೋಡಿಕೊಳ್ಳುತ್ತಿದ್ದ ನಡುವಯಸ್ಸಿನ ಮಹಿಳೆಯೊಬ್ಬರು ತಮ್ಮ ಕಾರಿನಲ್ಲಿ ನಮ್ಮನ್ನು ಸುತ್ತಲಿನ ಊರುಗಳಿಗೆಲ್ಲ ಕರೆದೊಯ್ದರು. ಮನೀಸೆಸ್ ಎಂಬ ಕುಂಬಾರರ ಪಟ್ಟಣದಲ್ಲಿ ಮನೆಗಳ ಗೋಡೆಗೂ, ಬೆಂಚಿಗೂ ಬಣ್ಣದ ಹೂವಿನ ಟೈಲ್ಸು. ಅಲ್ಲಿ ಅಣ್ಣೇರನ್ನು ಹಿಡಿಯುವವರೇ ಇಲ್ಲ. ಒಂದು ಬೀದಿ ದಾಟಲು ಅರ್ಧ ದಿನ ಬೇಕಾಯಿತು, ತಟ್ಟಿ ತಟ್ಟಿ ಬೆರಳು ಕೆಂಪಾಯಿತು. ವಲೆನ್ಸಿಯಾದ ದಕ್ಷಿಣಕ್ಕೆ ಒಂದು ದೊಡ್ಡ ಸರೋವರ, ಅದರ ಸುತ್ತ ಕಣ್ಣು ಹೋದಷ್ಟು ದೂರ ನೀರು ನಿಂತ ಭತ್ತದ ಗದ್ದೆ, ಅದರಾಚೆ ಸಮುದ್ರ. ಅತ್ತಿಗೆ ಕಾರಿನಿಂದ ಇಳಿದು ಗದ್ದೆಯ ಅಂಚಿಗೆ ನಡೆದರು. “ಇಷ್ಟು ದೂರ ಬಂದು ಗದ್ದೆ ನೋಡಿದ ಹಾಗಾಯ್ತು” ಎಂದರು. ಬೇಸರದಲ್ಲಿ ಅಲ್ಲ.

ಅಲ್ಲಿಯ ಊಟದಲ್ಲೊಂದು ಎಡವಟ್ಟಾಯಿತು. ಅಗಲವಾದ ಬಾಣಲೆಯಲ್ಲಿ ಮಾಂಸ, ತರಕಾರಿ ಹಾಕಿ ಬೇಯಿಸಿದ ಹಳದಿ ಅನ್ನ ಬಂತು. ಆ ಮಹಿಳೆ ಬಾಣಲೆಯ ಅಡಿಯನ್ನು ಕೆರೆದು, ಕರಟಿದ ಅನ್ನವನ್ನೆಲ್ಲ ಅತ್ತಿಗೆಯ ತಟ್ಟೆಗೆ ಹಾಕಿದರು. ಅತ್ತಿಗೆಯ ಮುಖ ಸಣ್ಣಗಾಯಿತು. ಬಂದ ಅತಿಥಿಗೆ ಅಡಿ ಹಿಡಿದ ಅನ್ನ ಬಡಿಸುವುದೆಂದರೇನು? ನಾನು ವಿಚಾರಿಸಿದಾಗ ತಿಳಿಯಿತು: ಅದೇ ಅಲ್ಲಿ ಎಲ್ಲಕ್ಕಿಂತ ರುಚಿಯ ಭಾಗ, ಮಕ್ಕಳು ಅದಕ್ಕಾಗಿ ಜಗಳವಾಡುತ್ತಾರೆ, ಅತ್ತಿಗೆಯ ಮೇಲಿನ ಗೌರವಕ್ಕೆ ಅವರಿಗೆ ಕೊಟ್ಟದ್ದು. ಅತ್ತಿಗೆ ನಾಚಿ ಎಲ್ಲವನ್ನೂ ತಿಂದರು. ತಿಂದು ನನ್ನತ್ತ ವಾಲಿ ಮೆಲ್ಲಗೆ ಹೇಳಿದರು: “ನಾನು ಮನೆಯಲ್ಲಿ ಯಾವಾಗ್ಲೂ ಅಡಿಯದ್ದನ್ನೇ ತಿನ್ನುವುದು. ಇವತ್ತು ಮಾತ್ರ ಯಾರೋ ಬಡಿಸಿದ್ರು.”

ಊಟವಾದ ಮೇಲೆ ಅಣ್ಣೇರ್ ಸರೋವರದ ದಡದ ದೋಣಿಗಳನ್ನು ತಟ್ಟಿ ನೋಡಲು ಹೋದರು. ಗದ್ದೆಯ ಬದುವಿನ ಮೇಲೆ ಅತ್ತಿಗೆ ಮತ್ತು ನಾನು.

“ಅವ್ರು ಇನ್ನೆರಡು ವರ್ಷ ಅಲ್ಲೇ ಇರ್ತಾರಾ ತಮ್ಮ?”

“ನಿಮ್ಮತ್ರ ಹೇಳ್ಲಿಲ್ವಾ?”

“ನನ್ನತ್ರ ಎಂತ ಹೇಳ್ತಾರೆ? ಊರಿಗೆ ಬಂದ್ರೆ ಒಂದು ವಾರ ನೆಂಟ್ರ ಹಾಗೆ ಕೂತ್ಕೊಳ್ತಾರೆ. ಆಮೇಲೆ ಮೆಲ್ಲ ಬಾಯಿ ಬಿಡುವಷ್ಟ್ರಲ್ಲಿ ರಜೆ ಮುಗಿತದೆ. ಅವ್ರು ಹೋದ ಮೇಲೆ ಕ್ಯಾಸೆಟ್ ಬರ್ತದೆ ನೋಡು, ಆಗ ನಂಗೆ ಗಂಡ ಬಂದ ಹಾಗೆ ಆಗ್ತದೆ.” ಬದುವಿನ ಹುಲ್ಲೊಂದನ್ನು ಕಿತ್ತು ನೀರಿಗೆಸೆದರು. “ಬರ್ಲಿ ಅಂತ ಆಸೆ ಉಂಟು. ಆದ್ರೆ ಬಂದ್ರೆ ಕ್ಯಾಸೆಟ್ ನಿಲ್ತದಲ್ಲಾ ಅಂತ ಹೆದರಿಕೆಯೂ ಉಂಟು.”

ಮರುದಿನ ಸಗುಂತೊ ಎಂಬ ಊರಿನ ಗುಡ್ಡದ ಮೇಲಿನ ಹಳೆಯ ಕೋಟೆಗೆ ಹೋದೆವು. ಅತ್ತಿಗೆ ಕಾಲು ನೋವೆಂದು ಕೆಳಗೇ ಕುಳಿತರು. ಮೇಲಿನಿಂದ ನೋಡಿದರೆ ಕಿತ್ತಳೆ ತೋಟಗಳು ಸಮುದ್ರದವರೆಗೂ ಹಬ್ಬಿದ್ದವು. ಅಣ್ಣೇರ್ ಕೋಟೆಯ ಕಲ್ಲನ್ನು ಒಂದು ಸಲ ತಟ್ಟಿ ಕೈಬಿಟ್ಟರು. ನಾನು ನೇರವಾಗಿಯೇ ಕೇಳಿದೆ, ಅರ್ಬಾಬ್‌ಗೆ ಏನು ಹೇಳುವಿರಿ ಎಂದು.

“ಇನ್ನೆರಡು ವರ್ಷ ಇರ್ತೇನೆ ಅಂತ ಹೇಳುವುದು ಮಾರಾಯ.”

“ಯಾಕೆ? ಅತ್ತಿಗೆ ಕಾಯ್ತಾ ಇದ್ದಾರೆ.”

“ಅವಳು ಕಾಯುವುದು ಕ್ಯಾಸೆಟ್ಟಿನಲ್ಲಿ ಮಾತಾಡ್ತಾನಲ್ಲ, ಆ ಜನಕ್ಕೆ. ಅವಳ ಎದುರು ಕೂತ್ರೆ ನಂಗೆ ಬಾಯಿಯೇ ಬರುವುದಿಲ್ಲ. ರಜೆಯಾದ್ರೆ ಹೇಗಾದ್ರೂ ದೂಡ್ಬಹುದು. ಇದು ರಜೆ ಅಲ್ಲ. ಇನ್ನುಳಿದ ಜೀವಮಾನ.” ಅಷ್ಟು ವಾಕ್ಯಗಳನ್ನು ಒಟ್ಟಿಗೆ ಅವರ ಬಾಯಿಂದ ನಾನು ಎದುರಿಗೆ ಕೇಳಿದ್ದು ಅದೇ ಮೊದಲು. ಇಬ್ಬರಿಗೂ ಒಂದೇ ಹೆದರಿಕೆ ಎಂದು ಅಂಚೆಯವನಾದ ನಾನು ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಇದು ಇನ್ನೊಬ್ಬರ ಕೈಯಲ್ಲಿ ಹೇಳಿ ಕಳಿಸುವ ಮಾತಲ್ಲ ಎಂದು ಸುಮ್ಮನಾದೆ.

ಅದರ ಮರುದಿನ ಶುಕ್ರವಾರ. ಪ್ರದರ್ಶನದ ಕೆಲಸ ಬೇಗ ಮುಗಿಯಿತು. ಊಟವಾಗಿ ನಾನು ಬಾಲ್ಕನಿಯಲ್ಲಿ ಕಾಲುಚೀಲ ಒಣಗಿಸುತ್ತಿದ್ದೆ. ಗೋಡೆಯಾಚೆ ಅಣ್ಣೇರ್ ಬಂದರು, ಕೈಯಲ್ಲಿ ಆ ಜಪಾನೀ ಟೇಪ್ ರೆಕಾರ್ಡರ್! ಬಟ್ಟೆಗಳ ನಡುವೆ ಅದನ್ನೂ ಸ್ಪೇನಿಗೆ ಹೊತ್ತು ತಂದಿದ್ದರು. ಶುಕ್ರವಾರದ ಊಟವಾಗಿತ್ತಲ್ಲ, ಕೈ ತಾನಾಗಿ ಅದನ್ನು ಹುಡುಕಿರಬೇಕು. ಸಣ್ಣ ಮೇಜಿನ ಮೇಲೆ ಇಟ್ಟು, ಸಮುದ್ರಕ್ಕೆ ಮುಖ ಮಾಡಿ ಕುಳಿತು, ಕೆಂಪು ಗುಂಡಿ ಒತ್ತಿದರು.

“ಹಲೋ, ಹಲೋ. ಕೇಳ್ತದಾ? ನಾನಿಲ್ಲಿ ಕ್ಷೇಮ, ನೀನೂ ಕ್ಷೇಮ ಅಂತ ನಂಬಿದ್ದೇನೆ. ಇಲ್ಲಿ ರಸ್ತೆಯಲ್ಲಿಯೇ ಕಂಚಿಕಾಯಿ ಆಗ್ತದೆ, ಹೇಳಿದ್ರೆ ನೀನು ನಂಬ್ಲಿಕ್ಕಿಲ್ಲ. ಸಮುದ್ರ ಉಂಟು, ಆದ್ರೆ ನಮ್ಮ ಸಮುದ್ರದ ಹಾಗೆ ಬೊಬ್ಬೆ ಇಲ್ಲ, ಊಟ ಮಾಡಿ ಮಲಗಿದ ಹಾಗೆ ಉಂಟು. ಮೊನ್ನೆ ಗದ್ದೆ ನೋಡಿದೆ. ನೋಡುವಾಗ ನಿನ್ನ ನೆನಪಾಯ್ತು...”

ತಲೆಸ್ನಾನ ಮಾಡಿ ಕೂದಲಿಗೆ ಟವೆಲ್ ಸುತ್ತಿಕೊಂಡ ಅತ್ತಿಗೆ ಅವರ ಬೆನ್ನ ಹಿಂದೆ, ಬಾಗಿಲಲ್ಲಿ ಬಂದು ನಿಂತಿದ್ದರು. ಅಣ್ಣೇರ್‌ಗೆ ಅದು ಗೊತ್ತಿಲ್ಲ. ನಾನು ಕೈಯಲ್ಲಿ ಒದ್ದೆ ಕಾಲುಚೀಲ ಹಿಡಿದು ನಿಂತೆ.

“...ಜಾಗ ಚಂದ ಉಂಟು. ನೀನು ಇದ್ದಿದ್ರೆ ಚಂದ ಇತ್ತು.”

“ನಾನು ಇಲ್ಲೇ ಇದ್ದೇನಲ್ಲಾ” ಎಂದರು ಅತ್ತಿಗೆ.

ಅಣ್ಣೇರ್ ಬೆಚ್ಚಿಬಿದ್ದರು. ಕಿವಿಯೆಲ್ಲ ಕೆಂಪಾಯಿತು. ರೆಕಾರ್ಡರ್ ನಿಲ್ಲಿಸಲು ಕೈ ಚಾಚಿದರು.

“ನಿಲ್ಲಿಸ್ಬೇಡಿ. ನೀವು ಆ ಕಡೆಗೇ ನೋಡಿ ಮಾತಾಡಿ, ನಾನು ಈ ಕಡೆ ಕೂತ್ಕೊಳ್ತೇನೆ.” ಅತ್ತಿಗೆ ಒಳಗಿನಿಂದ ಕುರ್ಚಿ ಎಳೆದು ತಂದರು. ಗಂಡನ ಬೆನ್ನಿಗೆ ತನ್ನ ಬೆನ್ನು ಮಾಡಿ, ಕೋಣೆಯ ಕಡೆ ಮುಖ ತಿರುಗಿಸಿ ಕುಳಿತು ಕೂದಲು ಬಿಡಿಸಿಕೊಂಡರು. “ಹ್ಞೂಂ, ಹೇಳಿ. ನಾನು ಊರಲ್ಲಿದ್ದೇನೆ ಅಂತ ತಿಳ್ಕೊಳ್ಳಿ.”

ರೆಕಾರ್ಡರಿನ ಚಕ್ರ ತಿರುಗುತ್ತಲೇ ಇತ್ತು. ಆಮೇಲೆ ಅಣ್ಣೇರ್ ಗಂಟಲು ಸರಿಮಾಡಿಕೊಂಡರು. “ಹಲೋ. ವಿಷಯ ಎಂತ ಅಂದ್ರೆ, ನಂಗೆ ಊರಿಗೆ ಬರ್ಲಿಕ್ಕೆ ಹೆದರಿಕೆ ಆಗ್ತದೆ...”

ನಾನು ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡೆ. ಗಾಜಿನಾಚೆ ದನಿ ಕೇಳುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಒಮ್ಮೆ ರೆಕಾರ್ಡರ್ ಟಕ್ಕೆಂದು ನಿಂತ ಶಬ್ದ, ಅದರ ಜೊತೆಗೇ ಅಣ್ಣೇರ್ ಮಾತೂ ನಿಂತಿತು. ಕ್ಯಾಸೆಟ್ ಮುಗಿದಿತ್ತು. ಅಯ್ಯೋ, ಇನ್ನು ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ ಟಕ್ಕೆಂದಿತು. ಅಣ್ಣೇರ್ ದನಿ ಮತ್ತೆ ಶುರುವಾಯಿತು. ಸಂಜೆಯ ಬಿಸಿಲು ಕೋಣೆಯೊಳಗೆ ಬರುವವರೆಗೂ ಅದು ನಿಲ್ಲಲಿಲ್ಲ. ನಡುನಡುವೆ ಅತ್ತಿಗೆಯ ದನಿಯೂ ಸೇರಿತು. ಕಾಲುಚೀಲ ತೆಗೆಯಲು ನಾನು ಹೊರಗೆ ಬಂದಾಗ ಮುಗಿದ ಕ್ಯಾಸೆಟ್ ಕಟಕಟೆಯ ಮೇಲಿತ್ತು. ರೆಕಾರ್ಡರಿನ ಬಾಯಿ ತೆರೆದಿತ್ತು, ಒಳಗೆ ಚಕ್ರಗಳು ಖಾಲಿ ತಿರುಗುತ್ತಿದ್ದವು. ಇಬ್ಬರೂ ಬೆನ್ನಿಗೆ ಬೆನ್ನು ಕೊಟ್ಟು ಮಾತಾಡುತ್ತಲೇ ಇದ್ದರು.

“ಆ ಕ್ಯಾಸೆಟ್ಟಿನ ಇನ್ನೊಂದು ಬದಿ ಮೊದಲೇ ತುಂಬಿತ್ತು, ಬೇರೆ ಕ್ಯಾಸೆಟ್ ಇರ್ಲಿಲ್ಲ ತಮ್ಮ” ಎಂದು ಮರುದಿನ ಅತ್ತಿಗೆಯೇ ಹೇಳಿದರು. “ಕ್ಯಾಸೆಟ್ ಇಲ್ದಿದ್ರೆ ಆ ಕೆಂಪು ಗುಂಡಿ ಕೆಳಗೆ ಇಳಿಯುವುದಿಲ್ಲ. ಪಕ್ಕದ್ದನ್ನು ಒತ್ತಿದೆ. ಚಕ್ರ ತಿರುಗಿದ್ರೆ ಸಾಕು ಅವ್ರಿಗೆ.”

“ಖಾಲಿ ಅಂತ ಅವರಿಗೆ ಗೊತ್ತಾಗ್ಲಿಲ್ವಾ?”

“ಗೊತ್ತಿಲ್ಲದೆ ಉಂಟಾ? ಇಷ್ಟು ವರ್ಷ ಅದ್ರೊಟ್ಟಿಗೇ ಸಂಸಾರ ಮಾಡಿದವ್ರು.”

ಅಂದಿನಿಂದ ನನ್ನ ಅಂಚೆಯ ಕೆಲಸ ಹೋಯಿತು. ಊಟದ ಮೇಜಿನಲ್ಲಿ ಉಪ್ಪಿನ ಡಬ್ಬಿಯ ಪಕ್ಕ ಟೇಪ್ ರೆಕಾರ್ಡರ್ ಇಟ್ಟುಕೊಂಡು ಗಂಡ ಹೆಂಡತಿ ಹರಟುವರು, ಹೋಟೆಲಿನವರು ಕಣ್ಣರಳಿಸಿ ನೋಡುವರು. ನನ್ನನ್ನು ಕೇಳುವವರೇ ಇಲ್ಲ! ನಿಜ ಹೇಳಬೇಕೆಂದರೆ ನನಗೆ ಸ್ವಲ್ಪ ಹೊಟ್ಟೆಕಿಚ್ಚೇ ಆಯಿತು. ಮಸ್ಕತ್ತಿಗೆ ಹಿಂತಿರುಗಿದ ದಿನ ಅಣ್ಣೇರ್ ಅರ್ಬಾಬ್‌ನ ಎದುರು ನಿಂತು ಹೇಳಿದ್ದು ಒಂದೇ ಮಾತು: “ಖಲಾಸ್, ಊರಿಗೆ ಹೋಗ್ತೇನೆ.” ಅರ್ಬಾಬ್ ಅವರನ್ನು ತಬ್ಬಿಕೊಂಡು ಬಹಳ ಹೊತ್ತು ಬಿಡಲಿಲ್ಲ. ಹೊರಡುವಾಗ ಅಣ್ಣೇರ್ ನನ್ನ ನೆತ್ತಿಯನ್ನು ಇನ್ನೊಮ್ಮೆ ತಟ್ಟಿ, ತಲೆ ಓರೆ ಮಾಡಿ ಕೇಳಿ, “ಬೆಂದಿದೆ” ಎಂದರು.

ಊರಿಗೆ ಹೋದವರು ನನಗೆ ಒಂದು ಕ್ಯಾಸೆಟ್ ಕಳಿಸಿದ್ದರು. ಅದರಲ್ಲಿ ಅಣ್ಣೇರ್ ಎರಡು ಮಾತು ಹೇಳುವಷ್ಟರಲ್ಲಿ ಅತ್ತಿಗೆ ಅಡುಗೆಮನೆಯಿಂದ ಬಾಯಿ ಹಾಕುತ್ತಾರೆ. ಅಣ್ಣೇರ್ ಅದಕ್ಕೆ ಉತ್ತರ ಕೊಡುತ್ತಾರೆ. ಕಂಚಿಕಾಯಿಗೆ ಉಪ್ಪು ಹೆಚ್ಚಾಯಿತೋ ಕಡಿಮೆಯಾಯಿತೋ ಎಂದು ಜಗಳ ಹತ್ತಿ, ನನ್ನನ್ನು ಇಬ್ಬರೂ ಮರೆತೇಬಿಡುತ್ತಾರೆ. ನಾನು ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಅವರಿಬ್ಬರಿಗೂ ಒಟ್ಟಿಗೆ ಸಿಕ್ಕಿದ್ದು ಹತ್ತೋ ಹನ್ನೆರಡೋ ವರ್ಷ, ಆದರೆ ತುಂಬಿದ ವರ್ಷ.

ಕಳೆದ ತಿಂಗಳು ರಜೆಯಲ್ಲಿ ಹೋದಾಗ ಉಡುಪಿಯಲ್ಲಿ ಮಗಳ ಮನೆಯಲ್ಲಿದ್ದ ಅತ್ತಿಗೆಯನ್ನು ನೋಡಿಬಂದೆ. ಮೊಮ್ಮಕ್ಕಳು ಶಾಲೆಗೆ ಹೋಗಿದ್ದರು. ಅತ್ತಿಗೆ ಚಾ ಕೊಟ್ಟರು, ಅವಲಕ್ಕಿ ಕೊಟ್ಟರು. ಕೊನೆಯ ದಿನಗಳ ವಿಷಯ ಸಮಾಧಾನದಲ್ಲಿಯೇ ಹೇಳಿದರು. ನಾನು ಏನು ಹೇಳಬೇಕೆಂದು ತೋಚದೆ ಲೋಟ ತಿರುಗಿಸುತ್ತಾ ಕುಳಿತೆ.

ಅತ್ತಿಗೆ ನನ್ನ ಕೈಯಿಂದ ಲೋಟ ತೆಗೆದು ಪಕ್ಕಕ್ಕಿಟ್ಟರು. ಎದ್ದು ಒಳಗೆ ಹೋಗಿ ಆ ಜಪಾನೀ ಟೇಪ್ ರೆಕಾರ್ಡರ್ ತಂದು ನನ್ನ ಮುಂದಿಟ್ಟರು. ಅದರೊಳಗೆ ಕ್ಯಾಸೆಟ್ ಇರಲಿಲ್ಲ.

“ಅವ್ರು ಎಷ್ಟು ಹೇಳಿದ್ರೂ ತಮ್ಮ, ತಾನು ಹೇಗಿದ್ದೆ ಅಂತ ಯಾರಿಗೂ ತಾನೇ ಹೇಳ್ಲಿಕ್ಕೆ ಬರುವುದಿಲ್ಲ. ಮೊದಲಿನ ಅಷ್ಟು ವರ್ಷ ಅವ್ರ ಒಟ್ಟಿಗೆ ಇದ್ದದ್ದು ನೀನು, ನಾನಲ್ಲ. ಅಲ್ಲಿ ಹೇಗೆ ಏಳ್ತಿದ್ರು, ಹೇಗೆ ನಡಿತಿದ್ರು, ಯಾರತ್ರ ನಗಾಡ್ತಿದ್ರು, ಎಲ್ಲ ಹೇಳು.”

ಗುಂಡಿ ಒತ್ತಿದರು. ಖಾಲಿ ಚಕ್ರಗಳು ತಿರುಗತೊಡಗಿದವು. ನನಗೆ ಸುಲಭವಾಗಲೆಂದು ಅತ್ತಿಗೆ ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ನನಗೆ ಬೆನ್ನು ಮಾಡಿ ಕುಳಿತರು. ನಾನು ಕಣ್ಣೊರೆಸಿಕೊಂಡು, ಗಂಟಲು ಸರಿಮಾಡಿಕೊಂಡು, ಹೇಳಲು ತೊಡಗಿದೆ.